ಆಗಸ್ಟಿನಲ್ಲಿ ಶಾಲೆಗೆ ಸೇರುವ ಮಕ್ಕಳಿಗೆ ಕನ್ನಡ ಕಲಿಸುವ ಬಗೆ: ಸಲಹೆ ಬೇಕಾಗಿದೆ

ಕಡಲತಡಿ ಶಿಕ್ಷಕಿ, ಕಾರವಾರ

ಕಾರವಾರ ತಾಲೂಕಿನಲ್ಲಿ ಬಂದರಿಗೆ ಹತ್ತಿರವಿರುವ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತಿದ್ದೇನೆ. ಒಂದು ವಿಷಯವನ್ನು ಇಲ್ಲಿರುವ ಹಿರಿಯರ, ಪಾಲಕರ ಮತ್ತು ಶಿಕ್ಷಕ ಬಂಧುಗಳ ಮುಂದಿಟ್ಟು ಸಲಹೆ ಕೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು ಎಲ್ಲರಿಗೂ ಗೊತ್ತು. ಬೋಟುಗಳು ದಡ ಸೇರಿದ ಕೂಡಲೇ ಒಡಿಶಾ, ಆಂಧ್ರ, ಜಾರ್ಖಂಡ್ ಕಡೆಯಿಂದ ಬಂದ ಖಲಾಸಿಗಳು ಊರಿಗೆ ಹೊರಡುತ್ತಾರೆ. ಅವರಲ್ಲಿ ಹೆಚ್ಚಿನವರು ಒಬ್ಬಂಟಿಯಾಗಿ ಬಂದವರು. ಆದರೆ ಹೆಂಡತಿ ಮಕ್ಕಳನ್ನು ಕರೆತಂದು ಇಲ್ಲಿಯೇ ಬಾಡಿಗೆ ಕೋಣೆ ಹಿಡಿದವರೂ ಈಚೆಗೆ ಇದ್ದಾರೆ, ಅವರು ಮಕ್ಕಳೊಂದಿಗೇ ಹೋಗುತ್ತಾರೆ. ಹೀಗಾಗಿ ನಮ್ಮ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಈ ಮಕ್ಕಳು ಊರಿನಲ್ಲಿರುವುದಿಲ್ಲ. ಬೋಟು ಮತ್ತೆ ಕಡಲಿಗಿಳಿದ ಮೇಲೆ, ಆಗಸ್ಟ್ ಎರಡನೆಯ ವಾರದಲ್ಲೋ ಮೂರನೆಯ ವಾರದಲ್ಲೋ, ತಂದೆಯ ಕೈ ಹಿಡಿದುಕೊಂಡು ಶಾಲೆಗೆ ಬರುತ್ತಾರೆ. ಅಷ್ಟರಲ್ಲಿ ಸೇತುಬಂಧ ಮುಗಿದು ಪಠ್ಯ ಆರಂಭವಾಗಿರುತ್ತದೆ. ಹಿಂದಿನ ತರಗತಿಯ ಕಲಿಕೆಯನ್ನು ಮುಂದಿನದಕ್ಕೆ ಜೋಡಿಸುವ ಆ ಕೆಲವು ವಾರಗಳ ಪಾಠ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರಿಗೇ ಅದು ಸಿಗುವುದಿಲ್ಲ.

ಕಳೆದ ವರ್ಷ ಎರಡನೆಯ ತರಗತಿಗೆ ಒಡಿಶಾದ ಒಬ್ಬ ಹುಡುಗಿ ಸೇರಿದಳು. ಆಗಸ್ಟಿನಿಂದ ದೀಪಾವಳಿ ಕಳೆಯುವ ತನಕ ಅವಳು ತರಗತಿಯಲ್ಲಿ ಒಂದು ಶಬ್ದವನ್ನೂ ಆಡಲಿಲ್ಲ. ಕೆಳಗಿನ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕಾರ್ಡುಗಳ ಮೂಲಕ ಆಡುತ್ತ ಕಲಿಯುವ ನಲಿ-ಕಲಿಯ ಗುಂಪಿನಲ್ಲಿ ಕೂರಿಸಿದರೆ ಕೂರುತ್ತಿದ್ದಳು, ಕಾರ್ಡು ಕೊಟ್ಟರೆ ಹಿಡಿದುಕೊಳ್ಳುತ್ತಿದ್ದಳು, ಹೆಸರು ಕೇಳಿದರೆ ನೆಲ ನೋಡುತ್ತಿದ್ದಳು. ನಮ್ಮ ಬಿಸಿಯೂಟದ ಅಡುಗೆಯವರು ಮಾತ್ರ ಪ್ರತಿದಿನ ಸೌಟನ್ನು ಅವಳ ತಟ್ಟೆಯ ಮೇಲೆ ಹಿಡಿದು "ಬೇಕಾ? ಸಾಕಾ?" ಎಂದು ಕೇಳಿ, ಅವಳು ಮುಖವೆತ್ತಿ ನೋಡುವ ತನಕ ಕಾಯುತ್ತಿದ್ದರು. ನವೆಂಬರಿನ ಒಂದು ಮಧ್ಯಾಹ್ನ ಆ ಹುಡುಗಿ ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿದು "ಸಾಕು" ಎಂದಳು. ಮರುದಿನ "ಬೇಕು" ಬಂತು. ವಾರ ಕಳೆಯುವುದರಲ್ಲಿ "ಸಾರು ಬೇಡ, ಅನ್ನ ಬೇಕು" ಎಂಬಲ್ಲಿಗೆ ತಲುಪಿದಳು. ಅರ್ಧವಾರ್ಷಿಕ ಪ್ರಗತಿ ಪತ್ರದಲ್ಲಿ ನಾನು ಅವಳ ಹೆಸರಿನ ಎದುರಿಗೆ "ಸ್ಪಂದಿಸುವುದಿಲ್ಲ" ಎಂದು ಬರೆದಿದ್ದೆ. ಬರೆದದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತದೆ. ಅವಳು ನಾಲ್ಕು ತಿಂಗಳು ಕೇಳಿಸಿಕೊಳ್ಳುತ್ತಿದ್ದಳು, ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಈ ವರ್ಷವೂ ಅಂಥ ಐದಾರು ಮಕ್ಕಳು ಬರುವವರಿದ್ದಾರೆ. ಮೊದಲ ಎರಡು ತಿಂಗಳು ಅವರೊಂದಿಗೆ ಹೇಗೆ ನಡೆದುಕೊಳ್ಳಬೇಕು, ವರ್ಣಮಾಲೆಯನ್ನು ಯಾವಾಗ ಆರಂಭಿಸಬೇಕು, ಶಾಲೆಯ ಹೊರಗಿನ ಜನರಿಂದ ಏನು ಸಹಾಯ ಪಡೆಯಬಹುದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ತೋಟಿಗ, ಶಿರಸಿ

ಅಕ್ಕೋರೇ, ನಾನು ಶಿಕ್ಷಕನಲ್ಲ, ಅಡಿಕೆ ಬೆಳೆಗಾರ. ನಮ್ಮ ತೋಟದ ಕೆಲಸಕ್ಕೆ ಎರಡು ವರ್ಷಗಳಿಂದ ಜಾರ್ಖಂಡಿನ ಒಂದು ಕುಟುಂಬವಿದೆ. ಅವರ ಮಗ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾನೆ. ಅವನ ವಿಚಾರದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಅವರು ಹಿಂದಿಯವರೆಂದೇ ನಾವೆಲ್ಲ ತಿಳಿದು ಹಿಂದಿಯಲ್ಲೇ ಮಾತನಾಡಿಸುತ್ತಿದ್ದೆವು. ಒಂದು ದಿನ ಅಂಗಳದಲ್ಲಿ ಅಡಿಕೆ ಹರವುವಾಗ ಆ ಹುಡುಗ ತನ್ನ ತಾಯಿಯೊಂದಿಗೆ ಆಡುತ್ತಿದ್ದ ಮಾತಿನಲ್ಲಿ "ನೀನ್" ಎಂಬುದು ಮತ್ತೆ ಮತ್ತೆ ಕಿವಿಗೆ ಬಿತ್ತು. ಕರೆದು ಕೇಳಿದೆ. ಅವರ ಮನೆಮಾತು ಕುಡುಖ್, ಉರಾಂವ್ ಬುಡಕಟ್ಟಿನ ಜನರ ಭಾಷೆ. ಅದು ನಮ್ಮ ಕನ್ನಡ, ತಮಿಳು, ತೆಲುಗಿನಂತೆ ದ್ರಾವಿಡ ಭಾಷೆಯೆಂದು ಆಮೇಲೆ ಓದಿ ತಿಳಿದುಕೊಂಡೆ. ಅವರಲ್ಲಿ ಬಾಯಿಗೆ "ಬಾಯಿ" ಎಂದೇ ಹೇಳುತ್ತಾರೆ, ಕಣ್ಣಿಗೆ "ಖನ್ನ್" ಎನ್ನುತ್ತಾರೆ. ಎಣಿಸು ಎಂದರೆ ಮೂರಕ್ಕೆ "ಮೂಂದ್", ನಾಲ್ಕಕ್ಕೆ "ನಾಖ್" ಎಂದ, ಐದರಿಂದ ಮುಂದೆ ಹಿಂದಿಯ ಕಡೆಯ ಎಣಿಕೆಗೆ ಹೋದ. ಸಾವಿರಾರು ಮೈಲಿ ದೂರದಿಂದ ಬಂದ ಹುಡುಗನ ಬಾಯಲ್ಲಿ ನಮ್ಮ ನುಡಿಯ ಬೇರು ಕಂಡಾಗ ನನ್ನ ಮನಸ್ಸಿಗೆ ಆದದ್ದನ್ನು ಬರೆದು ತಿಳಿಸುವುದು ಕಷ್ಟ. ಎರಡು ವರ್ಷ ನಾವು ಅವನಿಗೂ ನಮಗೂ ಪರಕೀಯವಾದ ಮೂರನೆಯ ಭಾಷೆಯೊಂದರಲ್ಲಿ ಅವನನ್ನು ಮಾತನಾಡಿಸಿದ್ದೆವು.

ಇನ್ನೊಂದು ಸಂಗತಿಯೂ ಇದೆ. ಆ ಹುಡುಗ ನಮ್ಮ ಮನೆಯ ಮಕ್ಕಳ ಜೊತೆ ಆಡಿ ಹವ್ಯಕ ಮಾತು ಕಲಿತ. ಶಾಲೆಯಲ್ಲಿ ಏನೋ ಪ್ರಶ್ನೆ ಕೇಳಿದಾಗ "ಯಂಗೆ ಗೊತ್ತಿಲ್ಲೆ" ಎಂದನಂತೆ. ತರಗತಿ ನಕ್ಕಿತು, ಶಿಕ್ಷಕರು "ನನಗೆ ಗೊತ್ತಿಲ್ಲ ಎನ್ನಬೇಕು" ಎಂದು ತಿದ್ದಿದರು. ಅದಾದ ಮೇಲೆ ಕೆಲವು ದಿನ ಅವನು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ತಿದ್ದಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ತಿದ್ದಿದ ಸಮಯ ಸರಿಯಿರಲಿಲ್ಲ. ಅವನು ಆಡಿದ್ದೂ ಕನ್ನಡವೇ.

ಪಾಲಕಿ, ಕೋಡಿಬಾಗ

ನನ್ನ ಅಭಿಪ್ರಾಯ ಸ್ವಲ್ಪ ಬೇರೆಯಿದೆ, ಯಾರೂ ಬೇಸರಿಸಬಾರದು. ನನ್ನ ಮಗಳು ಓದುವ ತರಗತಿಯಲ್ಲಿಯೂ ಹೊರಗಿನಿಂದ ಬಂದ ಮಕ್ಕಳಿದ್ದಾರೆ. ಶಿಕ್ಷಕರ ಅರ್ಧ ಸಮಯ ಅವರಿಗೆ ಅರ್ಥಮಾಡಿಸುವುದರಲ್ಲೇ ಹೋಗುತ್ತದೆ. ಕನ್ನಡದಲ್ಲಿ ಹೇಳಿದ್ದನ್ನು ಮತ್ತೆ ಹಿಂದಿಯಲ್ಲಿ ಹೇಳುತ್ತಾರೆ. ಇದರಿಂದ ಪಾಠ ಹಿಂದೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮಕ್ಕಳೇ ಕನ್ನಡ ಶಾಲೆಯಲ್ಲಿ ಕುಳಿತು ಹಿಂದಿ ಕಲಿತು ಬರುತ್ತಿದ್ದಾರೆ. ಗಡಿಯ ಊರಿನಲ್ಲಿ ಕನ್ನಡ ಮೊದಲೇ ಕಷ್ಟಪಟ್ಟು ನಿಂತಿದೆ. ಬಂದವರೆಲ್ಲರ ಭಾಷೆಗೆ ಜಾಗ ಮಾಡಿಕೊಡುತ್ತ ಹೋದರೆ ಕನ್ನಡಕ್ಕೆ ಜಾಗ ಎಲ್ಲಿ ಉಳಿಯುತ್ತದೆ? ಸರ್ಕಾರ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದೆ, ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಸಾಕಲ್ಲವೇ?

ನಿವೃತ್ತ ಮಾಸ್ತರ, ಅಂಕೋಲಾ

ಪಾಲಕಿಯವರ ಕಳವಳ ನ್ಯಾಯವಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಮೂವತ್ತಾರು ವರ್ಷ ಈ ಜಿಲ್ಲೆಯ ಬೇರೆ ಬೇರೆ ತಾಲೂಕುಗಳಲ್ಲಿ ಪಾಠ ಹೇಳಿದವನಾಗಿ ಕೆಲವು ಮಾತುಗಳನ್ನು ಹೇಳಲೇಬೇಕು.

ಮೊದಲು ನಮ್ಮದೇ ಕಥೆಯನ್ನು ನೆನಪಿಸಿಕೊಳ್ಳೋಣ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1956ರ ತನಕ ನಾವು ಮುಂಬಯಿಯ ಆಡಳಿತದಲ್ಲೇ ಇದ್ದೆವು. ಕಾರವಾರದ ಕಡೆಯ ನನ್ನ ತಾಯಿಯ ಮನೆಯವರು ಮರಾಠಿ ಶಾಲೆಗೆ ಹೋದವರು, ಮನೆಯಲ್ಲಿ ಕೊಂಕಣಿ ಆಡಿದವರು, ಪೇಟೆಯಲ್ಲಿ ಕನ್ನಡ ಬಳಸಿದವರು. ಜಿಲ್ಲೆಯಲ್ಲಿ ಇಂದಿಗೂ ಸುಮಾರು ಐವರಲ್ಲಿ ಒಬ್ಬರ ಮನೆಮಾತು ಕೊಂಕಣಿ. ಕಾರವಾರದ ಎಷ್ಟೋ ಕನ್ನಡ ಶಿಕ್ಷಕರು ಕನ್ನಡವನ್ನು ತಾಯಿಯಿಂದ ಕಲಿತವರಲ್ಲ, ಶಾಲೆಯಲ್ಲಿ ಕಲಿತವರು. ಇದನ್ನು ನಾವು ಕೊರತೆಯೆಂದು ಭಾವಿಸುತ್ತ ಬಂದಿದ್ದೇವೆ. ನನ್ನ ದೃಷ್ಟಿಯಲ್ಲಿ ಇದೇ ನಮ್ಮ ದೊಡ್ಡ ಬಂಡವಾಳ. ಮನೆಮಾತಿನಿಂದ ಶಾಲೆಯ ಮಾತಿಗೆ ದಾಟುವಾಗ ಮಗುವಿನ ಕಾಲು ಎಲ್ಲಿ ಜಾರುತ್ತದೆ ಎಂಬುದು ಧಾರವಾಡದ ಶಿಕ್ಷಕರಿಗಿಂತ ಕಾರವಾರದ ಶಿಕ್ಷಕರಿಗೆ ಚೆನ್ನಾಗಿ ಗೊತ್ತಿದೆ.

ಇನ್ನು ಕಾನೂನಿನ ಮಾತು. 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಮೇ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಸರ್ಕಾರ ಬಲವಂತ ಮಾಡುವಂತಿಲ್ಲವೆಂದು ತೀರ್ಪು ನೀಡಿತು. ಅದರ ಮರುವರ್ಷ ಬಂದ ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸಬೇಕು. 2017-18ರಿಂದ ಒಂದನೆಯ ತರಗತಿಯಿಂದ ಹಂತಹಂತವಾಗಿ ಅದು ಜಾರಿಗೆ ಬಂತು. ಈ ಕಾನೂನನ್ನು ನಾನು ಸ್ವಾಗತಿಸುತ್ತೇನೆ. ಆದರೆ ಕಾನೂನು ಪುಸ್ತಕವನ್ನು ತರಗತಿಗೆ ತರಬಲ್ಲದೇ ಹೊರತು ಮಾತನ್ನು ಮಗುವಿನ ಬಾಯಿಗೆ ತರಲಾರದು. ಆ ಕೆಲಸವನ್ನು ಅಕ್ಕೋರ ಶಾಲೆಯ ಅಡುಗೆಯವರು ಮಾಡಿದರು.

ಮೂರನೆಯದು, ಅವಧಿಯ ವಿಚಾರ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಒಂದು ಭೇದವನ್ನು ಗುರುತಿಸಿದರು. ವಲಸೆ ಬಂದ ಮಗು ಆಟದ, ಅಂಗಡಿಯ, ಊಟದ ಮಾತನ್ನು ಒಂದೆರಡು ವರ್ಷಗಳಲ್ಲಿ ಕಲಿತುಬಿಡುತ್ತದೆ. ಆದರೆ ಪಠ್ಯಪುಸ್ತಕದ ಭಾಷೆಯಲ್ಲಿ, ಅಂದರೆ "ಕಾರಣ ಕೊಡಿ", "ವ್ಯತ್ಯಾಸ ತಿಳಿಸಿ", "ಆದ್ದರಿಂದ", "ಒಂದು ವೇಳೆ" ಎಂಬ ಭಾಷೆಯಲ್ಲಿ, ಸಹಪಾಠಿಗಳ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ನಾವು ಮಾಡುವ ತಪ್ಪು ಇಲ್ಲಿದೆ. ಮೂರನೆಯ ವರ್ಷಕ್ಕೆ ಮಗು ಅಂಗಳದಲ್ಲಿ ಕನ್ನಡವನ್ನು ನೀರು ಕುಡಿದಂತೆ ಆಡುವುದನ್ನು ಕೇಳುತ್ತೇವೆ, ಗಣಿತದ ವಾಕ್ಯರೂಪದ ಲೆಕ್ಕ ಬಿಡಿಸಲಾರದೆ ಹೋದರೆ ದಡ್ಡನೆಂದು ನಿರ್ಣಯಿಸುತ್ತೇವೆ. ಲೆಕ್ಕ ಅವನಿಗೆ ಬರುತ್ತದೆ, ಲೆಕ್ಕವನ್ನು ಹೇಳಿದ ವಾಕ್ಯ ಅರ್ಥವಾಗುವುದಿಲ್ಲ. ನಾನು ಸೇವೆಯಲ್ಲಿದ್ದಾಗ ಇಂಥ ಮಕ್ಕಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದುಂಟು, ಅವರಲ್ಲಿ ಕೆಲವರ ಮುಖ ಇನ್ನೂ ಕಣ್ಣ ಮುಂದೆ ಬರುತ್ತದೆ.

ಅರಗಾ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಪ್ರದೇಶದವಳು. ಪತಿಯ ಉದ್ಯೋಗ ನೌಕಾನೆಲೆಯಲ್ಲಿರುವುದರಿಂದ ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ. ಕಾರವಾರದ ಹತ್ತಿರ ಅರಗಾದಲ್ಲಿರುವ ಕದಂಬ ನೌಕಾನೆಲೆ 2005ರಲ್ಲಿ ಆರಂಭವಾದ ಮೇಲೆ ನಮ್ಮಂಥ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದವು, ಕೈಗಾದ ಅಣು ವಿದ್ಯುತ್ ಕೇಂದ್ರಕ್ಕೆ ಅದಕ್ಕೂ ಮೊದಲೇ ಬಂದವರಿದ್ದಾರೆ. ನಮ್ಮಲ್ಲಿ ಹೆಚ್ಚಿನವರು ಕನ್ನಡ ಕಲಿಯದೆಯೇ ವರ್ಗವಾಗಿ ಹೋಗುತ್ತಾರೆ. ಕಲಿಯುವ ಮನಸ್ಸಿಲ್ಲವೆಂದು ನೀವು ಭಾವಿಸಬಹುದು. ಕೆಲವರಿಗೆ ಇಲ್ಲ ಎಂಬುದೂ ನಿಜ. ಆದರೆ ಮನಸ್ಸಿದ್ದವರಿಗೆ ಏನಾಗುತ್ತದೆ ಎಂಬುದನ್ನು ಹೇಳಬೇಕೆನಿಸಿತು.

ಮೊದಲ ವರ್ಷ ನಾನು ಮೀನು ಮಾರುಕಟ್ಟೆಯಲ್ಲಿ ಕೇಳಿದ ಮಾತುಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಕನ್ನಡವೆಂದು ಬಾಯಿಪಾಠ ಮಾಡಿದೆ. "ಕಿತ್ಲೆ ಪೈಶೆ" ಎಂದು ಬೇರೆ ಊರಿನಿಂದ ಬಂದ ನೆರೆಮನೆಯವರ ಹತ್ತಿರ ಕೇಳಿದಾಗ ಅದು ಕೊಂಕಣಿಯೆಂದು ಗೊತ್ತಾಯಿತು. ಮೊದಲಿನಿಂದ ಆರಂಭಿಸಿದೆ. ಈ ಸಲ ಅಂಗಡಿಯಲ್ಲಿ "ಅರ್ಧ ಕಿಲೋ ಬೇಳೆ ಕೊಡಿ" ಎಂದರೆ ಅಂಗಡಿಯವರು "ಔರ್ ಕ್ಯಾ ಚಾಹಿಯೆ" ಎನ್ನುತ್ತಿದ್ದರು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ನನ್ನ ಉಚ್ಚಾರ ಕೇಳಿದ ಮರುಕ್ಷಣ ಎದುರಿಗಿದ್ದವರು ಹಿಂದಿಗೆ ಹೊರಳುತ್ತಿದ್ದರು. ಅವರ ಉದ್ದೇಶ ನನಗೆ ಸಹಾಯ ಮಾಡುವುದೇ ಆಗಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಭಾಷೆ ಕಲಿಯುವವರಿಗೆ ಬೇಕಾದದ್ದು ಉತ್ತರ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದ ಉತ್ತರ ಸಿಗದೆ ನಾನು ಐದು ವರ್ಷ ಕಳೆದೆ.

ಕೊನೆಗೆ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಅವರಿಗೆ ಹಿಂದಿ ಬರುತ್ತಿರಲಿಲ್ಲ. "ಇದು ನನ್ನ ಚೀಲ ಇಲ್ಲ" ಎಂದರೆ "ಇಲ್ಲ ಅಲ್ಲ ಮಗಾ, ಅಲ್ಲ ಅನ್ನು" ಎನ್ನುತ್ತಿದ್ದರು. ನಮ್ಮ ಹಿಂದಿಯಲ್ಲಿ ಎರಡಕ್ಕೂ "ನಹೀಂ" ಒಂದೇ. "ಬಸ್ಸು ಬಂದಳು" ಎಂದು ನಾನು ಎಷ್ಟು ಸಲ ಹೇಳಿರಬಹುದೋ ಲೆಕ್ಕವಿಲ್ಲ, ಏಕೆಂದರೆ ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ. "ಬೆಳೆ" ಮತ್ತು "ಬೇಳೆ" ಬೇರೆ ಬೇರೆಯೆಂದು ಕಿವಿಗೆ ತಿಳಿಯಲು ಒಂದು ವರ್ಷವೇ ಬೇಕಾಯಿತು. ಹಿಂದಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರವೇ ಇಲ್ಲ.

ಪಾಲಕಿಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಮ್ಮ ಭಾಷೆಗೆ ಜಾಗ ಕೊಡಿ ಎಂದು ನಾನು ಕೇಳುತ್ತಿಲ್ಲ, ನಿಮ್ಮ ಭಾಷೆಯಲ್ಲಿ ನನಗೆ ಜಾಗ ಕೊಡಿ ಎನ್ನುತ್ತಿದ್ದೇನೆ.

ವ್ಯಾಪಾರಿ, ಭಟ್ಕಳ

ಅರಗಾದ ಅಕ್ಕನವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಮನೆಯಲ್ಲಿ ನವಾಯತಿ, ಅಂದರೆ ಭಟ್ಕಳದ ನವಾಯತ ಮುಸ್ಲಿಮರು ಆಡುವ ಕೊಂಕಣಿಗೆ ಹತ್ತಿರದ ಮಾತು, ಶಾಲೆಯಲ್ಲಿ ಉರ್ದು ಮಾಧ್ಯಮ. ಕನ್ನಡ ದ್ವಿತೀಯ ಭಾಷೆಯಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಬಂತು, ಆದರೆ ಮಾತನಾಡಲು ಹೊರಟರೆ ನಾಲಿಗೆ ಹೊರಳುತ್ತಿರಲಿಲ್ಲ. ನನಗೆ ಕನ್ನಡ ಬಂದದ್ದು ಅಂಗಡಿಯಲ್ಲಿ ಕುಳಿತ ಮೇಲೆ, ಹಳ್ಳಿಗಳಿಂದ ಸಾಮಾನಿಗೆ ಬರುತ್ತಿದ್ದ ರೈತರಿಂದ. ಈಗ ನನ್ನ ಮಕ್ಕಳಿಗೆ ನಾನು ಒಂದು ಮಾತು ಹೇಳಿದ್ದೇನೆ, ಗಿರಾಕಿ ಯಾವ ಭಾಷೆಯಲ್ಲಿ ಆರಂಭಿಸುತ್ತಾರೋ ಅದೇ ಭಾಷೆಯಲ್ಲಿ ಮುಗಿಸಬೇಕು. ತಡವರಿಸುತ್ತ ಕನ್ನಡದಲ್ಲಿ ಕೇಳಿದವರಿಗೆ ನಿಧಾನವಾಗಿ ಕನ್ನಡದಲ್ಲೇ ಉತ್ತರಿಸಬೇಕು.

ಓದುಗ, ಮುಂಡಗೋಡ

ನಮ್ಮಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆ. ಹಳೆಯ ತಲೆಮಾರಿನವರು ಗದ್ದೆ ಕೆಲಸದಲ್ಲಿ, ಸಂತೆಯಲ್ಲಿ ಊರವರ ಜೊತೆ ಬೆರೆತು ಸೊಗಸಾದ ಕನ್ನಡ ಆಡುತ್ತಾರೆ. ಅವರ ಮಕ್ಕಳು ತಮ್ಮದೇ ಶಾಲೆಗಳಲ್ಲಿ ಓದಿ ಟಿಬೆಟಿಯನ್, ಇಂಗ್ಲಿಷ್, ಹಿಂದಿ ಬಲ್ಲವರಾದರು, ಕನ್ನಡ ಮಾತ್ರ ಅಜ್ಜಂದಿರಷ್ಟು ಬರುವುದಿಲ್ಲ. ತಮ್ಮ ಭಾಷೆಯನ್ನು ಉಳಿಸಿಕೊಂಡದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ಜೊತೆಗೆ ಕುಳಿತು ದುಡಿದ ಜಾಗದಲ್ಲಿ ಭಾಷೆ ಬಂತು, ಬೇರೆ ಬೇರೆ ಕುಳಿತ ಜಾಗದಲ್ಲಿ ಬರಲಿಲ್ಲ ಎಂಬುದನ್ನಷ್ಟೇ ಗಮನಕ್ಕೆ ತರುತ್ತಿದ್ದೇನೆ.

ಕಡಲತಡಿ ಶಿಕ್ಷಕಿ, ಕಾರವಾರ

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಓದಿದೆ.

ಅರಗಾದ ಅಕ್ಕನವರ "ಇಲ್ಲ" ಮತ್ತು "ಅಲ್ಲ" ನನ್ನನ್ನು ಯೋಚನೆಗೆ ಹಚ್ಚಿತು. ನಮ್ಮ ಕೊಂಕಣಿಯಲ್ಲಿ "ನಾ" ಬೇರೆ, "ನ್ಹಯ್" ಬೇರೆ. ಹಾಗಾಗಿಯೇ ಕನ್ನಡದ ಈ ಭೇದ ನನಗೆ ಚಿಕ್ಕಂದಿನಲ್ಲಿ ಕಷ್ಟವೆನಿಸಲೇ ಇಲ್ಲ. ಉಳಿದ ಮಕ್ಕಳ ಭಾಷೆಯಲ್ಲಿ ಹೇಗಿದೆ ಎಂದು ತಿಳಿಯಲು ಮೊನ್ನೆ ಶನಿವಾರ ಮಧ್ಯಾಹ್ನ ಬಂದರಿನ ಕಡೆ ಹೋಗಿದ್ದೆ. ನಿಷೇಧದ ಅವಧಿಯಾದ್ದರಿಂದ ಬೋಟುಗಳು ಸಾಲಾಗಿ ನಿಂತಿದ್ದವು, ಬೋಟು ಕಾಯಲು ಉಳಿದ ಕೆಲವರು ಬಲೆ ಹೊಲಿಯುತ್ತಿದ್ದರು. ಒಡಿಶಾದ ಒಬ್ಬರನ್ನು ಕೇಳಿದೆ. ಬಲೆಯನ್ನು ತೋರಿಸಿ "ಬಲೆ ಇಲ್ಲ" ಎನ್ನುವುದನ್ನು ಹೇಗೆ ಹೇಳುತ್ತೀರಿ, "ಇದು ಬಲೆ ಅಲ್ಲ" ಎನ್ನುವುದನ್ನು ಹೇಗೆ ಹೇಳುತ್ತೀರಿ ಎಂದೆ. ಮೊದಲನೆಯದಕ್ಕೆ "ನಾಹಿಂ" ಬಂತು, ಎರಡನೆಯದಕ್ಕೆ "ನುಹೇಂ". ಐಸ್ ಫ್ಯಾಕ್ಟರಿಯ ಕಾವಲಿಗಿರುವ ನೇಪಾಳದವರನ್ನು ಕೇಳಿದರೆ ಅವರಲ್ಲಿ "ಛೈನ" ಮತ್ತು "ಹೋಇನ". ಆಂಧ್ರದವರಲ್ಲಿ "ಲೇದು", "ಕಾದು" ಇರುವುದು ನಮಗೆಲ್ಲ ಗೊತ್ತೇ ಇದೆ. ಹೊರಗಿನಿಂದ ಬಂದ ಮಕ್ಕಳೆಲ್ಲರೂ ಹಿಂದಿಯವರೆಂದು ತಿಳಿದು ನಾನು ಈ ಪಾಠವನ್ನು ಹಿಂದಿಯ ಮೂಲಕ ವಿವರಿಸುತ್ತ ಬಂದಿದ್ದೆ. ಅವರ ಮನೆಮಾತಿನಲ್ಲಿ ಸಲೀಸಾಗಿ ಇದ್ದ ಭೇದವನ್ನು, ಆ ಭೇದವೇ ಇಲ್ಲದ ಭಾಷೆಯಲ್ಲಿ ತಿಳಿಸಹೊರಟು ಸುಮ್ಮನೆ ತೊಡಕು ಮಾಡಿದಂತಾಗಿತ್ತು.

ಒಡಿಯಾದಲ್ಲಿ "ಳ" ಇದೆ. ಕಪ್ಪಿಗೆ ಅವರು "ಕಳಾ" ಎನ್ನುತ್ತಾರೆ. "ಮಳೆ", "ಬಾಳೆ", "ಹಳ್ಳಿ" ಎಂಬ ಶಬ್ದಗಳು ಆ ಮಕ್ಕಳಿಗೆ ಮೊದಲ ದಿನವೇ ಬರಬೇಕು. ಕಳೆದ ವರ್ಷ ನಾನು ಎಲ್ಲರಿಗೂ ಒಂದೇ ಕ್ರಮದಲ್ಲಿ ಅ, ಆ, ಇ, ಈ ಎಂದು ಆರಂಭಿಸಿ, "ಳ" ತಲುಪುವ ಹೊತ್ತಿಗೆ ಡಿಸೆಂಬರ್ ಆಗಿತ್ತು. ಈ ವರ್ಷ ಆಗಸ್ಟಿನಲ್ಲಿ ಬರುವವರಿಗೆ ಎರಡು ತಿಂಗಳು ಅಕ್ಷರ ಮುಟ್ಟಿಸದೆ ಬರೀ ಮಾತು, ಹಾಡು, ಊಟ, ಆಟ ಎಂದುಕೊಂಡಿದ್ದೇನೆ. ಕೇಳಿ ಬಾಯಿಗೆ ಬಂದ ಶಬ್ದವನ್ನು ಆಮೇಲೆ ಬರೆಸುವುದು. ಸಂಯುಕ್ತಾಕ್ಷರವನ್ನಂತೂ ಅವಸರದಿಂದ ತರುವುದಿಲ್ಲ. "ಸೂರ್ಯ" ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಕೊನೆಯಲ್ಲಿ ಬರೆಯುವುದು ಕನ್ನಡದ ಮಕ್ಕಳಿಗೇ ಕಷ್ಟ.

ತಿದ್ದುವ ವಿಚಾರದಲ್ಲಿ ತೋಟಿಗರು ಬರೆದದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಮಗು "ಬಸ್ಸು ಬಂದಳು" ಎಂದರೆ "ಹೌದು, ಬಸ್ಸು ಬಂತು" ಎಂದು ನಾನು ಹೇಳಿದರೆ ಸಾಕು. ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಮಗುವಿಗೆ ಅವಮಾನವಾಗುವುದಿಲ್ಲ.

ಕೋಡಿಬಾಗದ ಅಕ್ಕ, ನಿಮ್ಮ ಮಾತಿನಲ್ಲಿ ನನ್ನ ತಪ್ಪೂ ಸೇರಿದೆ. ಕನ್ನಡದಲ್ಲಿ ಹೇಳಿದ್ದನ್ನು ಹಿಂದಿಯಲ್ಲಿ ಮತ್ತೆ ಹೇಳುವ ಅಭ್ಯಾಸ ನನಗೂ ಇದೆ. ಹಾಗೆ ಹೇಳಿದರೆ ಮಕ್ಕಳು ಕನ್ನಡದ ವಾಕ್ಯಕ್ಕೆ ಕಿವಿಗೊಡುವುದನ್ನೇ ಬಿಡುತ್ತಾರೆ, ಹೇಗಿದ್ದರೂ ಹಿಂದಿ ಬರುತ್ತದೆ ಎಂದು ಕಾಯುತ್ತಾರೆ. ಅದನ್ನು ನಿಲ್ಲಿಸುತ್ತೇನೆ. ಅದರ ಬದಲು ಚಿತ್ರ ತೋರಿಸಿ, ಅಭಿನಯಿಸಿ, ಅದೇ ಕನ್ನಡ ವಾಕ್ಯವನ್ನು ಸರಳವಾಗಿ ಇನ್ನೊಮ್ಮೆ ಹೇಳುತ್ತೇನೆ.

ಪಾಲಕಿ, ಕೋಡಿಬಾಗ

ಅಕ್ಕೋರೇ, ನೀವು ಬೇಸರಿಸದೆ ಉತ್ತರಿಸಿದ್ದು ಸಂತೋಷವಾಯಿತು. ಹಿಂದಿಯಲ್ಲಿ ಮತ್ತೆ ಹೇಳುವುದನ್ನು ಬಿಡುತ್ತೇನೆ ಎಂದದ್ದು ನನಗೆ ಬಹಳ ಸಮಾಧಾನ ಕೊಟ್ಟಿತು. ಆದರೂ ತರಗತಿಯ ವೇಗದ ಪ್ರಶ್ನೆ ಹಾಗೆಯೇ ಉಳಿದಿದೆ. ಒಬ್ಬ ಶಿಕ್ಷಕಿ, ಮೂರು ತರಗತಿ, ಅದರಲ್ಲಿ ಭಾಷೆ ಬಾರದ ಆರು ಮಕ್ಕಳು. ನಿಮ್ಮ ಒಳ್ಳೆಯ ಮನಸ್ಸಿನ ಮೇಲೆಯೇ ಎಲ್ಲ ಭಾರ ಬಿದ್ದರೆ ಎಷ್ಟು ದಿನ ನಡೆಯುತ್ತದೆ? ಇದಕ್ಕೆ ಹೆಚ್ಚುವರಿ ಶಿಕ್ಷಕರು ಬೇಕು ಎಂದು ಪಾಲಕರಾದ ನಾವು ಕೇಳಬೇಕಲ್ಲವೇ?

ನಿವೃತ್ತ ಮಾಸ್ತರ, ಅಂಕೋಲಾ

ಕೇಳಲೇಬೇಕು, ಕೇಳಲು ಕಾನೂನಿನ ಆಧಾರವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 4ನೆಯ ಸೆಕ್ಷನ್ ಪ್ರಕಾರ, ಶಾಲೆಗೇ ಸೇರದ ಅಥವಾ ಅರ್ಧಕ್ಕೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಸರಿಸಮ ಬರಲು ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು. 5ನೆಯ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಎರಡು ವರ್ಷಗಳ ಹಿಂದೆ ರಸ್ತೆ ಕ್ಯಾಂಪಿನ ಒಬ್ಬ ಕೂಲಿಕಾರನ ಮಗನನ್ನು ನಾನೇ ಒಂದು ಶಾಲೆಗೆ ಕರೆದೊಯ್ದಾಗ ವರ್ಗಾವಣೆ ಪತ್ರ ತನ್ನಿ ಎಂದು ಮೂರು ಸಲ ಹಿಂದಕ್ಕೆ ಕಳಿಸಿದರು. ನಾಲ್ಕನೆಯ ಸಲ ಹೋಗುವಷ್ಟರಲ್ಲಿ ಕ್ಯಾಂಪು ಬೇರೆ ಕಡೆಗೆ ಹೋಗಿತ್ತು. ಆ ಹುಡುಗ ಎಲ್ಲಿ ಓದುತ್ತಿದ್ದಾನೋ, ಓದುತ್ತಿದ್ದಾನೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪಾಲಕರೇ ಈ ವಿಷಯ ಎತ್ತಿ, ಠರಾವು ಬರೆಸಿ, ಸೇತುಬಂಧವನ್ನು ಆಗಸ್ಟಿನಲ್ಲಿ ಎರಡನೆಯ ಸಲ ನಡೆಸಲು ಮತ್ತು ಅತಿಥಿ ಶಿಕ್ಷಕರನ್ನು ಕೊಡಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳಿಸಬೇಕು. ಮೀನುಗಾರಿಕೆಯ ನಿಷೇಧ ಪ್ರತಿವರ್ಷ ಅದೇ ದಿನಾಂಕಕ್ಕೆ ಬರುತ್ತದೆ, ಆದ್ದರಿಂದ ಈ ಮಕ್ಕಳು ಯಾವಾಗ ಬರುತ್ತಾರೆಂಬುದು ಇಲಾಖೆಗೆ ಆಕಸ್ಮಿಕವಾಗಬೇಕಿಲ್ಲ. ಠರಾವಿನ ಕರಡು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಕೋಡಿಬಾಗದ ಸಹೋದರಿಯವರು ಅದನ್ನು ತಮ್ಮ ಶಾಲೆಯಲ್ಲಿಯೂ ಮಂಡಿಸಬಹುದು.

ಪಾಲಕಿ, ಕೋಡಿಬಾಗ

ಕರಡು ಕಳಿಸಿ ಮಾಸ್ತರೇ. ನಮ್ಮ ಸಭೆ ಮುಂದಿನ ವಾರವಿದೆ, ನಾನೇ ಮಂಡಿಸುತ್ತೇನೆ.

ಅರಗಾ ನಿವಾಸಿ

ಶನಿವಾರ ಬೆಳಗಿನ ಶಾಲೆಗೆ ನಾನು ಬರಬಹುದೇ ಅಕ್ಕೋರೇ? ಮಕ್ಕಳ ಪಕ್ಕದಲ್ಲಿ ಕುಳಿತು ಚಿತ್ರ ತೋರಿಸಿ ಕನ್ನಡದಲ್ಲೇ ಮಾತನಾಡಿಸುತ್ತೇನೆ. ನನ್ನ ಕನ್ನಡದಲ್ಲಿ ಇನ್ನೂ ತಪ್ಪುಗಳಿವೆ, ಅದು ಅಡ್ಡಿಯಾಗದಿದ್ದರೆ.

ಕಡಲತಡಿ ಶಿಕ್ಷಕಿ, ಕಾರವಾರ

ಅಡ್ಡಿಯಿಲ್ಲ, ಅಕ್ಕ. ದೊಡ್ಡವರೊಬ್ಬರು ತಪ್ಪು ಮಾಡುತ್ತ, ಸರಿಪಡಿಸಿಕೊಳ್ಳುತ್ತ ಮಾತನಾಡುವುದನ್ನು ಆ ಮಕ್ಕಳು ನೋಡಬೇಕು. ಮುಖ್ಯೋಪಾಧ್ಯಾಯರ ಹತ್ತಿರ ಕೇಳಿ ಒಪ್ಪಿಗೆ ಪಡೆದಿದ್ದೇನೆ, ಆಗಸ್ಟ್ ಮೂರನೆಯ ಶನಿವಾರ ಬನ್ನಿ. ಶಿರಸಿಯ ತೋಟಿಗರಲ್ಲಿಯೂ ಒಂದು ವಿನಂತಿ. ಜಾರ್ಖಂಡಿನ ಮಕ್ಕಳು ಬಂದರೆ ಅವರ ಮನೆಮಾತು ಯಾವುದೆಂದು ಮೊದಲ ದಿನವೇ ಕೇಳುತ್ತೇನೆ. ಕುಡುಖ್ ಆಗಿದ್ದರೆ ನೀವು ಹೇಳಿದ ಶಬ್ದಗಳನ್ನು ಆ ಹುಡುಗನ ಧ್ವನಿಯಲ್ಲೇ ಕೇಳಿಸಲು ಸಾಧ್ಯವೇ?

ತೋಟಿಗ, ಶಿರಸಿ

ನಿನ್ನೆ ಸಂಜೆ ಅವನ ತಂದೆಯನ್ನು ಕೇಳಿದೆ. ಮಳೆಯಿಂದಾಗಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕೆಲಸ ನಿಂತಿತ್ತು, ಎಲ್ಲರೂ ಜಗಲಿಯಲ್ಲೇ ಇದ್ದೆವು. ಹುಡುಗ ಮೊದಲು ನಾಚಿದ, ಆಮೇಲೆ ತಾನೇ ಫೋನು ಹಿಡಿದು ಕೈ, ಕಣ್ಣು, ಬಾಯಿ, ನೀರು, ಮನೆ ಎಂದು ಒಂದೊಂದನ್ನೂ ಮೊದಲು ತನ್ನ ಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ. ನಾಲ್ಕರ ತನಕ ಎಣಿಸಿ ನಿಲ್ಲಿಸಿದ. ಐದನ್ನು ಕನ್ನಡದಲ್ಲೇ ಹೇಳುತ್ತೇನೆ ಎಂದ. ಧ್ವನಿಮುದ್ರಣವನ್ನು ಈ ರಾತ್ರಿ ಕಳಿಸುತ್ತೇನೆ.